ಆಷಾಢದಲ್ಲಿ ಬಂದ ಸಮನ್ಸ್

ಆ ಮಂಗಳವಾರ ದೋಸೆಗೆ ನೆನೆಹಾಕಿದೆ, ಬಾಡಿಗೆಯವರ ನಲ್ಲಿಗೆ ಹೊಸ ವಾಷರ್ ಹಾಕಿಸಿದೆ, ಗ್ಯಾಸ್ ಬುಕ್ ಮಾಡಿದೆ. ಮಧ್ಯಾಹ್ನ ಮಾವನವರನ್ನು ಆಟೋದಲ್ಲಿ ಕೂರಿಸಿಕೊಂಡು ಇಟ್ಟಮಡುವಿನಿಂದ ಕೋರ್ಟಿನ ಹತ್ತಿರ ವಕೀಲರ ಆಫೀಸಿಗೆ ಹೋದೆ.

ನಮ್ಮ ಹಿತ್ತಿಲಿನ ಬಟ್ಟೆ ಒಗೆಯೋ ಜಾಗ ತಮ್ಮದು ಅಂತ ಪಕ್ಕದ ಮನೆಯವರು ಕೇಸ್ ಹಾಕಿದ್ದರು. ಸಮನ್ಸ್ ಬಂದದ್ದು ಆಷಾಢದಲ್ಲಿ. ಆಷಾಢದಲ್ಲಿ ಏನೂ ಶುರು ಮಾಡಬಾರದೆಂದು ಮಾವ ಅದನ್ನು ದೇವರ ಮನೆಯಲ್ಲಿಟ್ಟು ಶ್ರಾವಣಕ್ಕೆ ಕಾದರು. ನಾವು ಉತ್ತರ ಕೊಡಲಿಲ್ಲ, ಕೋರ್ಟಿಗೂ ಹೋಗಲಿಲ್ಲ. ತೀರ್ಪು ಪಕ್ಕದವರ ಕಡೆಗೇ ಆಗಿಹೋಯಿತು.

"ಕೋರ್ಟಿಗೆ ಆಷಾಢ ಇಲ್ಲ ಯಜಮಾನ್ರೇ," ಎಂದು ವಕೀಲರು ಹಣೆ ಚಚ್ಚಿಕೊಂಡರು. "ತೀರ್ಪು ರದ್ದು ಮಾಡಿ ಅಂತ ಅರ್ಜಿ ಹಾಕೋಕೆ ಇವತ್ತೇ ಕಡೇ ದಿನ. ಸಹಿ ಹಾಕಿ."

ಮಾವ ಗಡಿಯಾರ ನೋಡಿದರು. "ನಾಲ್ಕೂವರೆ ತನಕ ರಾಹುಕಾಲ ಸಾರ್."

"ನಾಲ್ಕೂವರೆಗೆ ಕೌಂಟರೇ ಮುಚ್ತಾರೆ!"

ನಾನೇ ಬಾಯಿ ಬಿಟ್ಟೆ. "ಮಾವ, ನಾಳೆಯಿಂದ ನಿಮ್ಮ ಪಂಚೆ ಒಗೆಯೋಕೂ ಪಕ್ಕದವರ ಪರ್ಮಿಷನ್ ಕೇಳ್ಲಾ?"

ಮಾವ ಕಣ್ಣು ಮುಚ್ಚಿಕೊಂಡು ಸಹಿ ಹಾಕಿದರು. ಅರ್ಧ ಹೆಸರು ವಕೀಲರ ಮೇಜಿನ ಮೇಲೆ ಬಿತ್ತು. ಎರಡನೇ ಸಲ ಒಂದು ಕಣ್ಣು ಮಾತ್ರ ತೆರೆದರು. ಗುಮಾಸ್ತರು ಓಡಿಹೋಗಿ ಸೀಲ್ ಹಾಕಿಸಿಕೊಂಡು ಬಂದರು.

ರಾತ್ರಿ ಮುದ್ದೆ, ಹುರುಳಿ ಸಾರು ಉಂಡೆವು. ಮೊದಲು ಮಲಗಿದ್ದು ಮಾವ.