ಮೇಲಿನ ಮನೆ ಅಕ್ಕನ ಸ್ವರ

ಬಾಳೆದಿಂಡಿನ ನಾರು ತೋರುಬೆರಳಿಗೆ ಬಿಳಿ ಉಂಗುರದ ಹಾಗೆ ಸುತ್ತಿಕೊಂಡಿತ್ತು. ಬಿಲ್ಲೆ ಹೆಚ್ಚುವುದು, ನಾರೆಳೆಯುವುದು, ಮಜ್ಜಿಗೆ ನೀರಿಗೆ ಹಾಕುವುದು, ಇಷ್ಟರಲ್ಲೇ ಇದ್ದೆ. ಫೋನ್ ಬಂತು. ಅಂಟು ಕೈಯಲ್ಲಿ ಮುಟ್ಟಬಾರದೆಂದು ಬೆರಳ ಗೆಣ್ಣಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

"ಉಳೀತು ಮಾರಾಯ್ತಿ! ಉಳೀತು!" ಎಂದರು ಮೇಲಿನ ಮನೆ ಅಕ್ಕ. ಹಿಂದಿನಿಂದ ಯಾರೋ "ಅಮ್ಮಾ, ವಾಂಗ" ಎಂದು ಕರೆದರು. ಲೈನ್ ಕಟ್ಟಾಯಿತು.

ನಾನು ದೇವರ ಗೂಡಿನ ಕಡೆ ತಿರುಗಿ ನಾರು ಸುತ್ತಿದ ಕೈಯಲ್ಲೇ ಮುಗಿದೆ. ಉಳಿದದ್ದು ಅವರ ಸ್ವರ. ಸಿನಿಮಾದಲ್ಲಿ ಮೊದಲ ಸಲ ಅಕ್ಕ ನಾಲ್ಕು ಸೀನಿನಲ್ಲಿ ಮಾತಾಡಿದ್ದರು. ಆ ಮಾತು ಅವರ ಬಾಯಿಂದಲೇ ಕೇಳಿಸುತ್ತದೋ, ಬೇರೆ ಯಾರಿಂದಲೋ ತಮಿಳು ಹೇಳಿಸಿ ಅಂಟಿಸುತ್ತಾರೋ ಎಂದು ಅವತ್ತು ತೀರ್ಮಾನವಾಗಬೇಕಿತ್ತು. ಬೆಳಿಗ್ಗೆ ಡಬ್ಬಿಂಗಿಗೆ ಹೊರಟಾಗ ನನ್ನ ಬಾಗಿಲಲ್ಲಿ ನಿಂತು, "ಒಂದು ದೀಪ ಹಚ್ಚಿಡು, ಎಣ್ಣೆ ಸ್ವಲ್ಪ ಜಾಸ್ತಿ ಹಾಕು, ಈ ಜನಕ್ಕೆ ಹೊತ್ತಿನ ಮೇಲೆ ಹಿಡಿತ ಇಲ್ಲ" ಎಂದು ಹೇಳಿ ಹೋಗಿದ್ದರು.

ಅಕ್ಕನ ಹಣೆಯ ನಡುವೆ ಎಂಟಾಣೆಯಷ್ಟು ಅಗಲದ ತಿಳಿ ಮಚ್ಚೆಯಿದೆ. ಮೂವತ್ತು ವರ್ಷ ಸ್ಟಿಕ್ಕರ್ ಬೊಟ್ಟು ಇಟ್ಟು ಇಟ್ಟು ಅಲ್ಲಿನ ಚರ್ಮ ಬಿಳಿಚಿಕೊಂಡಿದೆ. ಅವರ ಯಜಮಾನರು ಉಡುಪಿ ಕಡೆಯಿಂದ ಈ ತಮಿಳು ಊರಿಗೆ ಬಂದು ವಡಪಳನಿಯ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದವರು. ಅವರು ಹೋದ ಮೇಲೆ ಬೊಟ್ಟು ಹೋಯಿತು, ಮಚ್ಚೆ ನಿಂತಿತು. ಮಕ್ಕಳಿಲ್ಲ. ಊರಿಗೆ ಬಾ ಎಂದು ತಮ್ಮ ಕರೆದರೆ, "ಅಲ್ಲಿ ಎಂತ ಮಾಡುದು? ಇಲ್ಲಿ ಮುರುಗನ ದೇವಸ್ಥಾನ ಉಂಟು, ಮಾರ್ಕೆಟ್ ಉಂಟು" ಎಂದು ಇಲ್ಲೇ ಉಳಿದರು.

ಸಿನಿಮಾ ಅವರನ್ನು ಹುಡುಕಿಕೊಂಡು ಬಂದದ್ದು ದೇವಸ್ಥಾನದ ಮೆಟ್ಟಿಲಿಗೆ. ಕಂಪನಿಗಳಿಗೆ ಜನ ಒದಗಿಸುವ ಏಜೆಂಟನೊಬ್ಬ ಬಂದು, ಗುಂಪಿನ ಸೀನಿಗೆ ಭಕ್ತೆಯರು ಬೇಕು, ಸುಮ್ಮನೆ ಕೈ ಮುಗಿದು ನಿಂತರೆ ಸಾಕು, ತಿಂಡಿ ಊಟ ಎಲ್ಲ ನಮ್ಮದೇ ಎಂದನಂತೆ. ಅಕ್ಕ, "ದಿನಾ ಮಾಡುವ ಕೆಲಸವೇ ಅಲ್ವಾ" ಎಂದು ಹೊರಟುಬಿಟ್ಟರು. ಸಂಜೆ ಬಂದು ನನಗೆ ಹೇಳಿದ್ದು ಒಂದೇ ಮಾತು: "ಪೊಂಗಲಿಗೆ ಮೆಣಸು ಸಾಲದು. ಆದರೆ ನಾಳೆಯೂ ಹೋಗ್ತೇನೆ."

ಅಲ್ಲಿಂದ ಅವರ ಬಾಗಿಲ ಹಿಂದೆ ಒಂದು ಚೀಲ ಸದಾ ಸಿದ್ಧ. ಅದರಲ್ಲಿ ಮೂರು ಸೀರೆ. ಮದುವೆಗೆ ಜರಿಯದ್ದು, ಸಾವಿಗೆ ಮಾಸಲು ಬಣ್ಣದ್ದು, ಆಸ್ಪತ್ರೆಗೆ ನೂಲಿನದು. "ಸಿನಿಮಾದಲ್ಲಿ ಹೆಂಗಸರಿಗೆ ಈ ಮೂರೇ ಜಾಗ" ಎನ್ನುತ್ತಿದ್ದರು. ಪಿಕ್ಚರ್ ಬಂದರೆ ನಮ್ಮ ಮನೆ ಟೀವಿಯ ಮುಂದೆ ಎಲ್ಲರನ್ನೂ ಕೂರಿಸಿ, "ಅಗೋ! ಆ ಕಂಬದ ಪಕ್ಕ! ನನ್ನ ಮೊಣಕೈ!" ಎಂದು ಕೂಗುತ್ತಿದ್ದರು. ನಾವು ನೋಡುವಷ್ಟರಲ್ಲಿ ಮೊಣಕೈ ಹೋಗಿಬಿಟ್ಟಿರುತ್ತಿತ್ತು.

"ಇರಲಿ ಬಿಡು. ಇವತ್ತು ಮೊಣಕೈ ಬಂತು, ನಾಳೆ ಮುಖ ಬರ್ತದೆ."

ಮುಖವೂ ಬಂತು. ಒಂದು ಚಿತ್ರದಲ್ಲಿ ಮದುಮಗಳಿಗೆ "ಬಾಮ್ಮಾ, ಕೂತ್ಕೋ" ಎನ್ನುವ ಅರ್ಥದ ಒಂದೇ ಒಂದು ಮಾತು ಸಿಕ್ಕಿತ್ತು. ಒಂದು ವಾರ ಅದನ್ನೇ ಬಾಯಿಪಾಠ ಮಾಡಿದ್ದರು. ಪಿಕ್ಚರ್ ಬಂದಾಗ ನೋಡಿದರೆ ಬಾಯಿ ಅವರದು, ಸ್ವರ ಯಾವಳೋ ಹುಡುಗಿಯದು. ಅಕ್ಕನ ತಮಿಳಿಗೆ ಉಡುಪಿಯ ರಾಗವಿದೆಯೆಂದು ಬೇರೆಯವರಿಂದ ಹೇಳಿಸಿದ್ದರು. ಅವತ್ತು ಅಕ್ಕ ನಗಲಿಲ್ಲ. ಕೊನೆಗೆ, "ನಾನು ಮಾಡಿದ ಸಾಂಬಾರಿಗೆ ಇನ್ಯಾರೋ ಒಗ್ಗರಣೆ ಹಾಕಿದ ಹಾಗಾಯ್ತು. ಒಂದು ಸಲ, ಒಂದೇ ಸಲ, ನನ್ನ ಸ್ವರದಲ್ಲಿ ಬರಬೇಕು ಮಾರಾಯ್ತಿ" ಎಂದರು. ಅವರು ಏನನ್ನಾದರೂ ಬೇಕು ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮದುವೆ ಸೀನಿದ್ದ ದಿನ ಕಂಪನಿಯವರು ಅವರಿಗೆ ಕುಂಕುಮ ಇಟ್ಟು ಹೂ ಮುಡಿಸುತ್ತಿದ್ದರು. ಒಮ್ಮೆ ಹಾಗೇ ಮೆಟ್ಟಿಲು ಹತ್ತಿ ಬಂದರು. ನಾನು ನೇರ ಬಾಯಿಯವಳು. "ಇದೆಲ್ಲ ಯಾಕೆ ಅಕ್ಕಾ? ಅಲ್ಲೇ ಅಳಿಸ್ಕೊಂಡು ಬರಬಾರದಾ? ನೋಡಿದವರು ಏನಂದ್ಕೋತಾರೆ?" ಎಂದುಬಿಟ್ಟೆ.

"ಕುಂಕುಮ ಕಂಪನಿಯದ್ದು, ಹಣೆ ನನ್ನದು" ಎಂದು ಅಕ್ಕ ನಗುತ್ತಲೇ ಹತ್ತಿ ಹೋದರು.

ನಾನು ಪ್ರತಿ ವರ್ಷ ವರಮಹಾಲಕ್ಷ್ಮಿ ಕೂರಿಸುತ್ತೇನೆ. ಕಟ್ಟಡದ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆಯುತ್ತೇನೆ. ಅಕ್ಕನಿಗೆ ಮಾತ್ರ ಪೂಜೆಯೆಲ್ಲ ಮುಗಿದ ಮೇಲೆ ಮಗಳ ಕೈಯಲ್ಲಿ ಕೋಸಂಬರಿ, ಪಾಯಸ ಕಳಿಸುತ್ತಿದ್ದೆ. ನಮ್ಮಮ್ಮ ಹಾಗೇ ಮಾಡುತ್ತಿದ್ದರು, ನಾನೂ ಮಾಡಿದೆ. ಡಬ್ಬಿ ತೊಳೆದು, ಖಾಲಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ, ಅಕ್ಕ ವಾಪಸು ಕಳಿಸುತ್ತಿದ್ದರು. ಒಂದು ದಿನವೂ ಏನೂ ಕೇಳಲಿಲ್ಲ.

ಆಮೇಲೆ ಆ ಆರತಿಯ ಸಂಗತಿ ನಡೆಯಿತು.

ಮದುವೆ ಮನೆಯ ಸೀನು. ಅಕ್ಕನ ಕೈಗೆ ಆರತಿ ತಟ್ಟೆ ಕೊಟ್ಟು, ತುಟಿ ಆಡಿಸಿ ಸಾಕು, ಸದ್ದು ಮಾಡಬೇಡಿ ಎಂದಿದ್ದರಂತೆ. ಗುಂಪಿನಲ್ಲಿ ನಿಲ್ಲುವವರಿಗೆಲ್ಲ ಇದೇ ನಿಯಮ. ಮುಂದೆ ಹೀರೋ ಹೀರೋಯಿನ್ ಮಾತಾಡುತ್ತಿರುತ್ತಾರಲ್ಲ. ಕ್ಯಾಮೆರಾ ಓಡಿತು. ಅಕ್ಕ ತಟ್ಟೆ ಎತ್ತಿದರು. ಎತ್ತಿದವರು ಗಂಟಲು ಬಿಚ್ಚಿ, ಅಜ್ಜಿಯಿಂದ ಕಲಿತ ಲಕ್ಷ್ಮಿಯ ಆರತಿ ಹಾಡನ್ನು ಕನ್ನಡದಲ್ಲಿ ಶುರು ಮಾಡಿಬಿಟ್ಟರು!

"ಕಟ್! ಯಾರಮ್ಮಾ ಪಾಡಿನದು?" ಹಾಡಿದ್ದು ಯಾರೆಂದು ಡೈರೆಕ್ಟರು ಕೂಗಿದರೂ ಇವರಿಗೆ ಕೇಳಿಸಲಿಲ್ಲವಂತೆ. ಎರಡನೇ ನುಡಿಗೆ ಹೋಗಿದ್ದರು. ಅಸಿಸ್ಟೆಂಟ್ ಒಬ್ಬ ಓಡಿ ಬಂದು ತಟ್ಟೆ ಹಿಡಿದುಕೊಂಡ ಮೇಲೆಯೇ ನಿಲ್ಲಿಸಿದ್ದು.

ಇದನ್ನೆಲ್ಲ ನನ್ನ ಹೊಸಿಲ ಹೊರಗೆ ಕೂತು, ಮಲ್ಲಿಗೆ ಇನ್ನೂ ಮುಡಿಯಲ್ಲೇ ಇರುವಾಗ, ಡೈರೆಕ್ಟರು ಕೂಗಿದ್ದನ್ನು ಅಭಿನಯಿಸಿ ತೋರಿಸುತ್ತ ಹೇಳಿದರು. ನನ್ನ ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. "ಅಲ್ಲ ಅಕ್ಕಾ, ತುಟಿ ಆಡಿಸಿ ಅಂದಿದ್ರಲ್ಲ?"

"ಅವರು ಹೋದ ಮೇಲೆ ಆರತಿ ತಟ್ಟೆ ಕೈಗೇ ಬಾರದೆ ಒಂಬತ್ತು ವರ್ಷ ಆಯ್ತಲ್ಲ ಮಾರಾಯ್ತಿ. ಹಿಡಿದ ಕೂಡ್ಲೆ ಬಾಯಿ ತಾನಾಗಿ ಹೋಯ್ತು."

ನಗುತ್ತಲೇ ಹೇಳಿದರು. ನನ್ನ ನಗು ಮಾತ್ರ ಅಲ್ಲಿಗೇ ನಿಂತಿತು. ಒಂಬತ್ತು ವರ್ಷ ನನ್ನ ಮನೆಯಿಂದ ಮೇಲೆ ಹೋದ ಪಾಯಸದ ಡಬ್ಬಿಗಳೆಲ್ಲ ಕಣ್ಣ ಮುಂದೆ ಬಂದವು.

ಆ ತಪ್ಪಿಗೆ ಏಜೆಂಟ್ ಅವರನ್ನು ಕರೆಯುವುದನ್ನೇ ಬಿಟ್ಟ. ತಿಂಗಳುಗಟ್ಟಲೆ ಚೀಲ ಬಾಗಿಲ ಹಿಂದೆಯೇ ಕೂತಿತು. ಅಕ್ಕ ಮಾತ್ರ ಕೂರಲಿಲ್ಲ. ಒಂದು ದಿನ ನನ್ನ ಕೈಗೆ ಫೋನ್ ಕೊಟ್ಟು, "ಟೆರೇಸಿಗೆ ಬಾ. ಅವರು ಕರೀದಿದ್ರೆ ನಾವೇ ಪಿಕ್ಚರ್ ತೆಗೀವ" ಎಂದರು.

"ಅಯ್ಯೋ, ನನಗೆಲ್ಲಿ ಬರತ್ತೆ ಅಕ್ಕಾ?"

"ಕುಕ್ಕರ್ ಹಿಡಿಲಿಕ್ಕೆ ಬರುವವಳಿಗೆ ಫೋನ್ ಹಿಡಿಲಿಕ್ಕೆ ಬರುದಿಲ್ವಾ?"

ಒಗೆದ ಬೆಡ್‌ಶೀಟೇ ನಮ್ಮ ಪರದೆ. ಅಕ್ಕ ಹೋಟೆಲ್ ಯಜಮಾನನ ಹೆಂಡತಿಯಾಗಿ, ಎರಡು ಇಡ್ಲಿಗೆ ನಾಲ್ಕು ಸಲ ಸಾಂಬಾರ್ ಕೇಳುವ ಗಿರಾಕಿಯನ್ನು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ತರಾಟೆಗೆ ತೆಗೆದುಕೊಂಡರು. ನಾನು ನಗು ತಡೆಯಲು ಸೆರಗು ಬಾಯಿಗೆ ಒತ್ತಿ, ಒಂದೇ ಕೈಯಲ್ಲಿ ಫೋನ್ ಹಿಡಿದಿದ್ದೆ. ಆಮೇಲೆ ನೋಡಿದರೆ ವಿಡಿಯೋದ ತುಂಬ ಅವರ ಎರಡು ಪಾದ, ಸೀರೆಯ ಅಂಚು.

"ನನ್ನ ತಲೆ ಎಲ್ಲಿ ಹೋಯ್ತು?"

"ಮೊದಲು ಪಾದದಿಂದ ಶುರು ಮಾಡಿದೆ ಅಕ್ಕಾ. ಮೇಲಕ್ಕೆ ಬರೋಷ್ಟರಲ್ಲಿ ನೀವು ಮುಗಿಸಿಬಿಟ್ರಿ."

ದೇವರನ್ನು ಪಾದದಿಂದ ನೋಡುತ್ತ ಮೇಲಕ್ಕೆ ಹೋಗಬೇಕೆಂದು ನಮ್ಮಮ್ಮ ಕಲಿಸಿದ್ದರು. ಬೇರೆ ಯಾವ ರೀತಿ ನೋಡಬೇಕೆಂದು ನನಗೆ ಗೊತ್ತಿರಲಿಲ್ಲ. ಅಕ್ಕ ನೀರಿನ ಟ್ಯಾಂಕಿಗೆ ಒರಗಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ನಾನು ಉಡುಪಿ ಕೃಷ್ಣ ಅಲ್ಲ ಮಾರಾಯ್ತಿ, ಮುಖದಿಂದ ಹಿಡಿ!"

ಸಾಂಬಾರಿನದನ್ನು ಮುಖದಿಂದ ಹಿಡಿದು ಮತ್ತೆ ತೆಗೆದೆ. ಹೀಗೆ ನಾಲ್ಕು ವಿಡಿಯೋ ಆದವು. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಪಾಟಿ ಸೆಮ!" ಎಂದು ಅಜ್ಜಿಯನ್ನು ಮೆಚ್ಚಿ ಗೆಳತಿಯರಿಗೆಲ್ಲ ಕಳಿಸಿದಳು.

ಆ ವರ್ಷದ ವರಮಹಾಲಕ್ಷ್ಮಿಗೆ ನಾನೇ ಮೇಲೆ ಹತ್ತಿ ಹೋದೆ. ಬಾಗಿಲಲ್ಲಿ ನಿಂತು, "ಅಕ್ಕಾ, ಈ ಸಲ ಆರತಿ ನಿಮ್ಮದು" ಎಂದೆ.

"ನಿನ್ನ ಪೂಜೆಗೆ ಬಂದ ಹೆಂಗಸರು ಮಾತಾಡ್ತಾರೆ."

"ಆಡ್ಲಿ. ಲಕ್ಷ್ಮಿಗೆ ಬೇಡ ಅನ್ನಿಸಿದ್ರೆ ಅವಳೇ ದೀಪ ಆರಿಸ್ತಾಳೆ."

ಅಕ್ಕ ಬಂದರು, ಮಚ್ಚೆಯ ಬರಿ ಹಣೆಯಲ್ಲೇ. ತಟ್ಟೆ ಹಿಡಿದರು. ಐದು ನುಡಿ ಪೂರ್ತಿ ಹಾಡಿದರು. ಫ್ಯಾನು ತಿರುಗುತ್ತಿದ್ದರೂ ದೀಪ ಆರಲಿಲ್ಲ. ಎದುರು ಮನೆಯಾಕೆ ತಾಂಬೂಲ ತೆಗೆದುಕೊಳ್ಳದೆ ಹೋದರು. ಉಳಿದ ನಾಲ್ವರು ಇನ್ನೊಂದು ಹಾಡು ಹೇಳಿ ಎಂದರು. ಐದರಲ್ಲಿ ನಾಲ್ಕು, ದೊಡ್ಡ ಪುಣ್ಯವೇ.

ಮರುದಿನ ಅಕ್ಕ ಫೋನೂ ಕೋಡುಬಳೆ ಡಬ್ಬಿಯೂ ಹಿಡಿದು ಹೊರಟರು. ಅವತ್ತು ತಟ್ಟೆ ಹಿಡಿದುಕೊಂಡ ಅಸಿಸ್ಟೆಂಟ್ ಈಗ ತಾನೇ ಡೈರೆಕ್ಟರಾಗಿ ಆಫೀಸು ತೆರೆದಿದ್ದಾನೆಂದು ಯಾರೋ ಹೇಳಿದ್ದರು. ಮೂರು ದಿನ ಆಫೀಸಿನ ಮೆಟ್ಟಿಲಲ್ಲಿ ಕೂತರು. ಮೂರನೇ ದಿನ ಆತ ಕಾರಿನಿಂದ ಇಳಿದವನು ನಿಂತು ನೋಡಿ, "ನೀಂಗದಾನೇ ಆರತ್ತಿ ಪಾಡಿನ ಅಮ್ಮಾ?" ಎಂದು, ಆರತಿ ಹಾಡಿದ ಅಮ್ಮ ನೀವೇ ತಾನೇ ಅಂತ ಕೇಳಿದನಂತೆ. ಅಕ್ಕ ಸಾಂಬಾರಿನ ವಿಡಿಯೋ ಹಾಕಿ ಫೋನ್ ಅವನ ಕೈಗೆ ಕೊಟ್ಟರು. ಹಾಗೆ ಸಿಕ್ಕಿದ್ದು ಆ ನಾಲ್ಕು ಸೀನು, ಹೋಟೆಲ್ ನಡೆಸುವ ಅಜ್ಜಿಯ ಪಾತ್ರ. ಸ್ವರ ಮಾತ್ರ ಬೇರೆಯವರದಿರಲಿ ಎಂದು ನಿರ್ಮಾಪಕರು ಕೊನೆಯ ತನಕ ಹಟ ಹಿಡಿದಿದ್ದರು.

ನಾನು ದೇವರ ಗೂಡಿನ ಕಡೆ ಕೈ ಮುಗಿದು ನಿಂತಿದ್ದಾಗಲೇ ಫೋನ್ ಮತ್ತೆ ಬಂತು.

"ಹೇಳಿ ಅಕ್ಕಾ, ಹೇಗಾಯ್ತು?"

"ಮೈಕ್ ಮುಂದೆ ನಿಂತದ್ದೇ ಮಾತೆಲ್ಲ ಮರೆತುಹೋಯ್ತು. ಒಂದಕ್ಷರ ಬರಲಿಲ್ಲ. ನಿರ್ಮಾಪಕರು, ನಾನು ಹೇಳಲಿಲ್ವಾ ಅಂದ್ರು. ಆಗ ಈ ಡೈರೆಕ್ಟರ್ ಹುಡುಗ ಒಂದು ಸ್ಟೀಲ್ ತಟ್ಟೆ ತಂದು ನನ್ನ ಕೈಗೆ ಕೊಟ್ಟ ನೋಡು!"

"ಆಮೇಲೆ?"

"ಆಮೇಲೆ ಎಂತ, ನಾಲ್ಕು ಸೀನೂ ಒಂದೇ ಉಸಿರಿಗೆ. ನಿರ್ಮಾಪಕರು, ಇದೇ ಇರಲಿ ಅಂದ್ರು. ಊಟಕ್ಕೆ ಎಂತ ಮಾಡಿದ್ದಿ?"

"ಬಾಳೆದಿಂಡಿನ ಪಲ್ಯ."

"ನನಗೂ ಇಡು. ಇಲ್ಲಿಯ ಪೊಂಗಲಿಗೆ ಈಗಲೂ ಮೆಣಸು ಸಾಲದು."

ನನ್ನ ಲಕ್ಷ್ಮಿಗೆ ಪೂರ್ತಿ ಆರತಿ ಸಿಕ್ಕಿದ್ದು ಅಕ್ಕನಿಂದ. ಆ ಋಣ ಪಲ್ಯದಲ್ಲಿ ತೀರುವಂಥದ್ದಲ್ಲ. ಆದರೆ ಸದ್ಯಕ್ಕೆ ಕೈಯಲ್ಲಿದ್ದದ್ದು ಪಲ್ಯವೇ. ತಟ್ಟೆಯಲ್ಲಿ ಬಿಟ್ಟಿದ್ದ ಎರಡು ಬಿಲ್ಲೆ ಕಪ್ಪಾಗಿದ್ದವು, ಮಜ್ಜಿಗೆಯಲ್ಲಿದ್ದವು ಬೆಳ್ಳಗೇ ಇದ್ದವು. ಅದೂ ಒಂದು ಪುಣ್ಯ. ಅಕ್ಕನ ಪಾಲಿಗೆಂದು ದಿಂಡಿನ ಇನ್ನೊಂದು ತುಂಡು ತೆಗೆದು ಹೆಚ್ಚಲು ಕೂತೆ. ಹೆಚ್ಚುತ್ತ ಹೆಚ್ಚುತ್ತ ಆ ಆರತಿ ಹಾಡು ಬಾಯಿಗೆ ಬಂತು. ಅಡುಗೆಮನೆಯಲ್ಲಿ ಯಾವಾಗಲೂ ತುಟಿಯೊಳಗೇ ಹೇಳಿಕೊಳ್ಳುವವಳು, ಅವತ್ತು ಎದುರು ಮನೆಗೂ ಕೇಳಿಸುವ ಹಾಗೆ ಹಾಡಿದೆ.