ರಸೂಲನ ಜರ್ಮನ್ ಸೆಟ್ಟು

ಚೌಡಾಪುರದಲ್ಲಿ ಮೈಕ್‌ಸೆಟ್ಟು ಬಾಡಿಗೆಗೆ ಕೊಡುತ್ತಿದ್ದ ರಸೂಲ ಮಾತು ಕಡಿಮೆಯವನು. ಅವನ ಆಂಪ್ಲಿಫೈಯರ್ ಪೆಟ್ಟಿಗೆಯೂ ಹಾಗೇ ಎಂದು ಊರವರು ನಗುತ್ತಿದ್ದರು. ಬೇಸಿಗೆಯ ಮದುವೆಗಳಲ್ಲಿ ಅದು ಸ್ವಲ್ಪ ಹೊತ್ತು ಹಾಡಿ, ಗೊರ್ರೆಂದು ಬಾಯಿ ಮುಚ್ಚುತ್ತಿತ್ತು.

ಇದು ಎಂಬತ್ತರ ಆಸುಪಾಸಿನ ಮಾತು. ವಾಲ್ವಿನ ಹಳೆಯ ಸೆಟ್ಟು ಬಿಟ್ಟು ಟ್ರಾನ್ಸಿಸ್ಟರಿನದನ್ನು ತಂದಿದ್ದ. ಒಳಗಿನ ಎರಡು ದೊಡ್ಡ ಟ್ರಾನ್ಸಿಸ್ಟರುಗಳು ದುಡಿದಷ್ಟೂ ಕಾಯುತ್ತಿದ್ದವು. ಆ ಕಾವನ್ನು ಗಾಳಿಗೆ ಬಿಡಲು ಹಿಂದೆ ಕೂರಿಸಿದ್ದ ತಗಡು ನಮ್ಮ ಕಡೆಯ ಬಿಸಿಲಿಗೆ ಏನೇನೂ ಸಾಲದು.

ಕಾವು ಅಳೆಯುವುದನ್ನು ಅವನು ಹೆಂಡತಿ ಪ್ಯಾರಿಬಿಯ ಒಲೆಯ ಮುಂದೆ ಕಲಿತ. ಆಕೆ ಹಂಚಿಗೆ ನೀರು ಚಿಮುಕಿಸಿ ಹದ ನೋಡುವಂತೆ, ಇವನು ಒದ್ದೆ ಬೆರಳನ್ನು ತಗಡಿಗೆ ತಾಗಿಸುವನು. ತೇವ ನಿಧಾನ ಆರಿದರೆ ಭಯವಿಲ್ಲ. ಚುರ್ ಎಂದರೆ ಮುಂದಿನ ಹಾಡಿಗೆ ಸೆಟ್ಟು ಮಲಗಿತೆಂದೇ ಲೆಕ್ಕ.

ತಣಿಸಲು ಇನ್ನೂ ಅಗಲ ತಗಡು ಬೇಕು. ಮನೆಯಲ್ಲಿ ಅಂಥದ್ದು ಒಂದೇ ಇತ್ತು: ಪ್ಯಾರಿಬಿಗೆ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯ ತವರಿನಿಂದ ಬಂದ ಜರ್ಮನ್ ಬೋಗಾಣಿ. ಅಲ್ಯೂಮಿನಿಯಂ ಪಾತ್ರೆಗೆ ನಮ್ಮಲ್ಲಿ ಜರ್ಮನ್ ಎಂದೇ ಹೆಸರು. ರಸೂಲ ಅದನ್ನು ಕತ್ತರಿಸಿ, ಪಟ್ಟಿಪಟ್ಟಿಯಾಗಿ ಮಡಚಿ, ಪೆಟ್ಟಿಗೆಯ ಬೆನ್ನಿಗೆ ಬಿಗಿದ.

“ನನ್ನ ಬೋಗಾಣಿ ಎಲ್ಲದರಿ?”

“ತೂತು ಬಿದ್ದಿತ್ತು. ಬೆಸುಗಿಗಿ ಕೊಟ್ಟೀನಿ,” ಎಂದ ರಸೂಲ. ಕಿವಿಗಳು ಕಾದಿದ್ದವು.

ಅಷ್ಟರಲ್ಲಿ ಅದೇ ಊರಿನ ಸರಸ್ವತಿಬಾಯಿಯ ಕಿರಿಯ ಮಗಳ ಮದುವೆ ಬಂತು. ಸೆಟ್ಟು ಹೇಳಲು ಆಕೆಯೇ ಬಂದಳು.

“ಹಿರೇ ಮಗಳ ಲಗ್ನದಾಗ ಅಕ್ಕಿಕಾಳಿನ ಹೊತ್ತಿಗೇ ಕೈ ಕೊಟ್ಟಿ. ಈ ಸಲಾನೂ ಬಂದ್ ಬಿತ್ತಂದ್ರ ಊರಾಗ ಯಾರೂ ನಿನ್ನ ಕರೆಯಂಗಿಲ್ಲ ನೋಡು!”

“ಇಲ್ರಿ ಅಕ್ಕಾರ, ಈ ಸಲ ಜರ್ಮನ್ ಹಾಕೀನ್ರಿ.”

ಅಡುಗೆಮನೆಯ ಜರ್ಮನ್ ಮಷೀನಿಗೆ ಹತ್ತೀತೆಂದು ಆಕೆಗೆ ಹೊಳೆಯಲಿಲ್ಲ. ಸೆಟ್ಟು ಜರ್ಮನಿ ದೇಶದ್ದೆಂದು ಬೀಗರಿಗೆಲ್ಲ ಹೇಳಿದಳು. ಮದುವೆಯ ದಿನ, “ಫಾರಿನ್ ಮಾಲಿಗಿ ಕಣ್ಣ ಬೀಳ್ತದ,” ಎಂದು ಪೆಟ್ಟಿಗೆಗೆ ಕುಂಕುಮವಿಟ್ಟು, ದಪ್ಪನೆಯ ಜರಿಶಾಲು ಹೊದಿಸಿದಳು. ಬೋಗಾಣಿ ಮರೆಯಾಯಿತಲ್ಲ ಎಂದು ರಸೂಲ ಶಾಲನ್ನು ಹಾಗೇ ಬಿಟ್ಟ.

ಭಟ್ಟರು ಮಂಗಲಾಷ್ಟಕ ಎತ್ತಿಕೊಳ್ಳುವ ಹೊತ್ತಿಗೆ ದನಿ ಗೊಗ್ಗರಾಯಿತು. ರಸೂಲ ಶಾಲಿನಡಿ ಒದ್ದೆ ಬೆರಳು ತೂರಿಸಿದ. ಚುರ್!

ಶಾಲು ತೆಗೆದರೆ ಬೋಗಾಣಿ ಕಾಣುತ್ತದೆ. ಎದುರಿಗೇ ಹೆಂಗಸರ ನಡುವೆ ಪ್ಯಾರಿಬಿ ಕೂತಿದ್ದಾಳೆ. ತೆಗೆಯದಿದ್ದರೆ ಸೆಟ್ಟು ಹೋಗುತ್ತದೆ, ಸೆಟ್ಟಿನೊಂದಿಗೆ ಊರಿನ ಬಾಡಿಗೆಯೂ. ರಸೂಲ ಕಣ್ಣು ಮುಚ್ಚಿ ಶಾಲು ಎಳೆದ. ಬೀಗರೊಬ್ಬರ ಕೈಯ ಬೀಸಣಿಗೆ ಕಸಿದು ಪೆಟ್ಟಿಗೆಗೆ ಗಾಳಿ ಹಾಕತೊಡಗಿದ. “ಮದುಮಗಗ ಹಾಕೋ ಮಾರಾಯ, ಬೆವತಾನ!” ಎಂದು ಯಾರೋ ಕೂಗಿದರು. ದನಿ ತುಸು ತುಸುವೇ ತಿಳಿಯಾಯಿತು. ಸಾವಧಾನ ಎಂದದ್ದು ಹೆದ್ದಾರಿಯತನಕ ಕೇಳಿಸಿ, ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದವು.

ಆಮೇಲೆ ಸರಸ್ವತಿಬಾಯಿ ಬಗ್ಗಿ ನೋಡಿದಳು. ಮಡಚಿದ ತಗಡಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ: ಪ್ಯಾರಿಬಿ.

“ಏ ರಸೂಲ, ಜರ್ಮನಿಯಾಗ ಕನ್ನಡ ಬರೀತಾರೇನೋ?”

ಚಪ್ಪರವೆಲ್ಲ ನಕ್ಕಿತು. ಪ್ಯಾರಿಬಿ ಎದ್ದು ಬಂದಳು. ನೀರಿನ ಲೋಟದಲ್ಲಿ ಬೆರಳದ್ದಿ ತಗಡಿಗೆ ತಾಗಿಸಿ, ತೇವ ಆರುವುದನ್ನೇ ನೋಡಿದಳು.

“ಬೆಸುಗಿ ಛಲೋ ಆಗ್ಯಾದರಿ,” ಎಂದಳು. “ಹೊಸ ಬೋಗಾಣಿ ಬರೋತನಾ ಬ್ಯಾಳಿ ಇದರ ಮ್ಯಾಲೇ ಕುದಿಸ್ತೀನಿ.”

ಅಲ್ಲಿಂದಾಚೆ ದೂರದ ಅಂದೋಲಾ ಊರಿನವರೂ ಮೈಕು ಬೇಕಾದರೆ “ಪ್ಯಾರಿಬಿ ಸೆಟ್ಟು ಕಳಸ್ರಿ” ಎಂದೇ ಹೇಳಿ ಕಳಿಸುತ್ತಿದ್ದರು. ರಸೂಲ ಒಮ್ಮೆಯೂ ತಿದ್ದಲಿಲ್ಲ. ಯಾರಾದರೂ ಶಾಲು ಹಿಡಿದು ಬಂದರೆ ಮಾತ್ರ ಪೆಟ್ಟಿಗೆಗೆ ಅಡ್ಡ ನಿಂತು, ತನ್ನ ಹೆಗಲನ್ನೇ ಮುಂದೆ ಮಾಡುತ್ತಿದ್ದ.