ಅರ್ಧಣ್ಣನ ಎಡ ಯಾವುದು?

ಕತ್ತರಿಯಕ್ಕನಿಗೆ ಇಡೀ ಬೀದಿಯ ನೆತ್ತಿಗಳು ಗೊತ್ತು. ಯಾರ ತಲೆಯಲ್ಲಿ ಎರಡು ಸುಳಿ, ಯಾರ ಕಿವಿಯ ಹಿಂದೆ ಮಚ್ಚೆ, ಯಾವ ಗಂಭೀರ ಮನುಷ್ಯರು ಬೋಳಾಗುತ್ತಿರುವ ನಡುನೆತ್ತಿಗೆ ಅಕ್ಕಪಕ್ಕದಿಂದ ಕೂದಲು ಎಳೆದು ತಂದು ಹೊದಿಸುತ್ತಾರೆ, ಎಲ್ಲವೂ ಆಕೆಗೆ ಬಾಯಿಪಾಠ. ಅದೇ ಜನ ತರಕಾರಿ ಅಂಗಡಿಯಲ್ಲಿ ಎದುರಿಗೆ ಸಿಕ್ಕರೆ ಮಾತ್ರ ಗುರುತು ಹತ್ತುವುದಿಲ್ಲ. ಎಷ್ಟೋ ವರ್ಷಗಳಿಂದ ಆಕೆ ಮನುಷ್ಯರನ್ನು ನೋಡಿದ್ದು ಹಿಂದೆ ನಿಂತು, ಇಲ್ಲವೇ ಕನ್ನಡಿಯೊಳಗೆ.

ಅಂಥ ಅಕ್ಕನಿಗೆ ನಲವತ್ತು ದಾಟಿದ ಮೇಲೆ ಬೆರಳುಗಳೇ ಕೈಕೊಟ್ಟವು. ಕೂದಲಿನ ಬಣ್ಣ, ಬ್ಲೀಚು, ಶಾಂಪೂ ಎಲ್ಲ ಒಟ್ಟು ಸೇರಿ ಚರ್ಮವನ್ನು ಬಿರುಕು ಬಿಡಿಸಿದ್ದವು. ಪರೀಕ್ಷಿಸಿದ ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಪಾರ್ಲರ್ ಬಿಟ್ಬಿಡಿ. ಮುಲಾಮು ಎಷ್ಟು ಹಚ್ಚಿದ್ರೂ ಅಷ್ಟೇ," ಎಂದರು.

ಬಿಟ್ಟು ಏನು ಮಾಡುವುದು? ಆಕೆ ತಲೆ, ಹೆಗಲು ಒತ್ತಿದರೆ ಕೂತವರು ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು. ಆ ಕೈಗುಣ ನಂಬಿ ಅಕ್ಕ ಫಿಸಿಯೋಥೆರಪಿ ಸಹಾಯಕರ ಕೋರ್ಸಿಗೆ ಸೇರಿದಳು. ಪಾಸಾದರೆ ಆಸ್ಪತ್ರೆಯಲ್ಲಿ ಕೆಲಸ ಖಂಡಿತ ಎಂದಿದ್ದರು. ಬರೆಯುವ ಪರೀಕ್ಷೆ ಹೇಗೋ ದಾಟಿತು. ಅಡ್ಡ ನಿಂತವನು ಅರ್ಧಣ್ಣ.

ಅರ್ಧಣ್ಣ ಎಂದರೆ ತರಗತಿಯ ಮೇಜಿನ ಮೇಲಿನ ಪ್ಲಾಸ್ಟಿಕ್ ಮನುಷ್ಯ. ಕೈಯಿಲ್ಲ, ಕಾಲಿಲ್ಲ. ಮುಖದ ಅರ್ಧಕ್ಕೆ ಚರ್ಮವಿದೆ, ಇನ್ನರ್ಧಕ್ಕೆ ಬರೀ ಕೆಂಪು ಮಾಂಸಖಂಡ. ಎದೆಯ ಮುಚ್ಚಳ ತೆಗೆದರೆ ಶ್ವಾಸಕೋಶ, ಹೃದಯ, ಯಕೃತ್ತು, ಜಠರ, ಕರುಳು, ಎಲ್ಲವನ್ನೂ ಒಂದೊಂದಾಗಿ ಹೊರಗಿಡಬಹುದು. ಮೊದಲ ದಿನವೇ ಅಕ್ಕ ಅವನ ನುಣ್ಣನೆ ತಲೆ ಸವರಿ, "ಪಾಪ, ಈ ಅರ್ಧಣ್ಣ ನಮ್ಮ ಪಾರ್ಲರಿಗೆ ಬರೋ ಗಿರಾಕಿ ಅಲ್ಲ," ಎಂದಿದ್ದಳು. ಹೆಸರು ನಿಂತುಬಿಟ್ಟಿತು. ಟೀಚರಮ್ಮ ಕೂಡ ಹಾಗೇ ಕರೆಯತೊಡಗಿದರು.

ಪರೀಕ್ಷೆಯಲ್ಲಿ ಒಂದೊಂದೇ ಅಂಗ ಕೈಗೆತ್ತಿಕೊಂಡು, ಅದರ ಹೆಸರು ಹೇಳಿ, ದೇಹದ ಎಡವೋ ಬಲವೋ ಹೇಳಿ, ಆಮೇಲೆ ಒಳಗೆ ಇಡಬೇಕು. ಹೆಸರೆಲ್ಲ ಅಕ್ಕನ ನಾಲಿಗೆಯ ತುದಿಯಲ್ಲಿದ್ದವು. ಸಮಸ್ಯೆ ಎಡಬಲದ್ದು. ಎದುರಿಗೆ ನಿಂತವನ ಎಡಗೈ ನಮ್ಮ ಬಲಗೈ ಕಡೆಗಿರುತ್ತದೆ. ಕನ್ನಡಿಯಲ್ಲಿ ಹಾಗಲ್ಲ, ಎಡ ಎಡಕ್ಕೇ ಇರುತ್ತದೆ, ಬಲ ಬಲಕ್ಕೇ. ಕನ್ನಡಿಯ ಜೊತೆಗೇ ಬದುಕಿದ ಅಕ್ಕನಿಗೆ ಎದುರಿಗಿದ್ದ ಅರ್ಧಣ್ಣನೂ ಕನ್ನಡಿಯೊಳಗಿನ ಗಿರಾಕಿಯಂತೆಯೇ ಕಂಡ. ಬಲಗಡೆ ಎಂದು ಬಾಯಲ್ಲಿ ಹೇಳಿ, ಯಕೃತ್ತನ್ನು ಅವನ ಎಡಕ್ಕೆ ತುರುಕಿದಳು. ಅದು ಕೂರಲಿಲ್ಲ. ಇನ್ನಷ್ಟು ಒತ್ತಿದಳು. ಯಕೃತ್ತು ಚಂಗನೆ ಹಾರಿ ಪರೀಕ್ಷಕರ ಕುರ್ಚಿಯ ಕೆಳಗೆ ಹೋಗಿ ಬಿತ್ತು.

ಎರಡನೇ ಸಲ "ಎಲ್ಲ ಉಲ್ಟಾ, ಎಲ್ಲ ಉಲ್ಟಾ" ಎಂದು ಜಪಿಸುತ್ತ ಹೋದಳು. ಉಲ್ಟಾ ಮಾಡಿದ್ದನ್ನು ಗಾಬರಿಯಲ್ಲಿ ಮತ್ತೊಮ್ಮೆ ಉಲ್ಟಾ ಮಾಡಿದ್ದರಿಂದ ಎಲ್ಲ ಹಿಂದಿನ ಜಾಗಕ್ಕೇ ಬಂತು. ಫಲಿತಾಂಶವೂ ಅಷ್ಟೇ.

"ಇನ್ನೊಂದೇ ಚಾನ್ಸು ಇರೋದಮ್ಮ," ಎಂದರು ಟೀಚರಮ್ಮ. "ಅದೂ ಹೋದ್ರೆ ಮತ್ತೆ ಸೇರಿಸಿಕೊಳ್ಳೋ ಹಾಗಿಲ್ಲ."

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಅರ್ಧಣ್ಣನ ಪಾತ್ರಕ್ಕೆ ಗಂಡ ಸಿಕ್ಕ. ಶಾಲಾ ವ್ಯಾನು ಓಡಿಸುವ ಆ ಪುಣ್ಯಾತ್ಮ ಅಂಗಿ ಬಿಚ್ಚಿ ಸ್ಟೂಲಿನ ಮೇಲೆ ಕೂತ. ಯಕೃತ್ತಿಗೆ ಬಿಸಿನೀರಿನ ಚೀಲ, ಹೃದಯಕ್ಕೆ ಟೊಮೇಟೊ, ಕರುಳಿಗೆ ಬಟ್ಟೆ ಒಣಹಾಕುವ ಹಗ್ಗ.

"ಅಯ್ಯೋ ಕಚಗುಳಿ ಕಣೇ! ಎಲ್ಲಿಡ್ತಿದೀಯ ಅದನ್ನ?"

"ಸುಮ್ನೆ ಕೂತ್ಕೊಳ್ರೀ. ಅರ್ಧಣ್ಣ ಹಿಂಗೆಲ್ಲ ಕುಣಿಯಲ್ಲ."

"ಅವನಿಗೆ ಕಾಲಿಲ್ಲ, ಅದಕ್ಕೆ. ಇದ್ದಿದ್ರೆ ಎದ್ದು ಓಡ್ತಿದ್ದ."

ಮೂಲೆಯಲ್ಲಿ ಕೂತು ನೋಡುತ್ತಿದ್ದ ಅತ್ತೆ, "ಟೊಮೇಟೊ ಹಿಚುಕಬೇಡ ಕಣೇ, ರಾತ್ರಿ ಸಾರಿಗೆ ಬೇಕು," ಎಂದರು. "ಇವನಿಗೆ ಹೃದಯ ಇದೆ ಅಂತ ಇವತ್ತೇ ನೋಡಿದ್ದು ನಾನು."

ಆ ಟೊಮೇಟೊ ಕೂಡ ತಪ್ಪು ಕಡೆಗೇ ಇತ್ತು. ಅಕ್ಕ ಹಗ್ಗ ಕೆಳಗೆಸೆದು, "ನನ್ನ ಹಣೇಲಿ ಬ್ಲೀಚೇ ಬರೆದಿದೆ ಬಿಡಿ," ಎಂದು ಅಡುಗೆಮನೆಗೆ ಹೋದಳು. ಗಂಡ ಹೊಟ್ಟೆಯ ಮೇಲಿನ ಬಿಸಿನೀರಿನ ಚೀಲವನ್ನು ಏನು ಮಾಡುವುದೆಂದು ತಿಳಿಯದೆ ಅಪ್ಪಿಕೊಂಡು ಕೂತ.

ಪರೀಕ್ಷೆಯ ದಿನ ಬೆಳಿಗ್ಗೆ ಅತ್ತೆ ಎಂದಿನಂತೆ ಮಣೆ ಹಾಕಿಕೊಂಡು ತಲೆ ಬಾಚಿಸಿಕೊಳ್ಳಲು ಕೂತರು. ಸೊಸೆ ಹಿಂದೆ ನಿಂತು ಸಿಕ್ಕು ಬಿಡಿಸತೊಡಗಿದಳು. ಅತ್ತೆಗೆ ದಿನಕ್ಕೊಂದು ನೋವು, ಅಂದಿನದು ಹೊಟ್ಟೆಯದು.

"ಇಲ್ಲಿ ಉರಿಯುತ್ತೆ ಕಣೇ. ಏನಿದೆ ಇಲ್ಲಿ?"

ಅಕ್ಕ ಬಾಚಣಿಗೆ ಬಾಯಲ್ಲಿ ಕಚ್ಚಿಕೊಂಡು, ಹಿಂದಿನಿಂದಲೇ ಕೈ ಬಳಸಿ ಮುಟ್ಟಿದಳು. "ಇದು ಎಡಗಡೆ, ಜಠರ. ಪಕ್ಕದಲ್ಲಿ ಗುಲ್ಮ. ಬಲಗಡೆ ಇಲ್ಲಿ ಯಕೃತ್ತು, ಅದರ ಅಡಿ ಪಿತ್ತಕೋಶ. ರಾತ್ರಿ ಒಂದು ತಟ್ಟೆ ಕಮ್ಮಿ ಉಣ್ಣಿ, ಎಲ್ಲ ಸರಿಹೋಗುತ್ತೆ."

ಬಾಚಣಿಗೆ ಬಾಯಿಂದ ಜಾರಿ ಬಿತ್ತು. ಒಂದೂ ತಪ್ಪಿರಲಿಲ್ಲ! ಹಿಂದೆ ನಿಂತರೆ ಅವರ ಎಡವೇ ತನ್ನ ಎಡ. ಯೋಚಿಸುವ ಗೊಡವೆಯೇ ಇಲ್ಲ.

"ಅತ್ತೇ, ನಿಮ್ಮ ಹೊಟ್ಟೆ ತಣ್ಣಗಿರಲಿ!"

"ಅದೇ ಉರೀತಿದೆ ಅಂತ ಹೇಳ್ತಿರೋದು ನಾನು. ಜಡೆ ಹಾಕೇ ಮೊದಲು!"

ಅರ್ಧ ಬಾಚಿದ ತಲೆ ಹಾಗೇ ಬಿಟ್ಟು ಅಕ್ಕ ಓಡಿದಳು.

ಪರೀಕ್ಷಕರು ಹಳಬರೇ. ಆಕೆಯನ್ನು ಕಂಡವರೇ ತಿರುಗುಕುರ್ಚಿಯನ್ನು ಮೇಜಿನಿಂದ ಎರಡಡಿ ಹಿಂದಕ್ಕೆ ಸರಿಸಿಕೊಂಡರು. ಹಾರುವ ಯಕೃತ್ತಿನ ನೆನಪು.

"ಸರ್, ಇವನ ಹಿಂದೆ ನಿಂತ್ಕೊಂಡು ಮಾಡ್ಲಾ?"

"ಹಿಂದೆಯಾ? ಒಳಗೆ ಹೇಗೆ ಕಾಣುತ್ತೆ?"

"ಕಾಣೋದು ಬೇಡ ಸರ್. ಕೈಗೆ ಗೊತ್ತಾಗುತ್ತೆ."

ಅವರು ಟೀಚರಮ್ಮನ ಮುಖ ನೋಡಿದರು. ಎಲ್ಲಿ ನಿಲ್ಲಬೇಕೆಂದು ನಿಯಮದಲ್ಲಿ ಇಲ್ಲವೆಂದು ಟೀಚರಮ್ಮ ತಲೆಯಾಡಿಸಿದರು.

ಅಕ್ಕ ಅರ್ಧಣ್ಣನ ಹಿಂದೆ ಹೋಗಿ ಅವನ ಭುಜ ಎರಡು ಸಲ ತಟ್ಟಿದಳು. "ಅಲ್ಲಾಡಬೇಡಿ ಅಣ್ಣ," ಎಂದಳು ಅಭ್ಯಾಸಬಲದಿಂದ. ಆಮೇಲೆ ಎರಡೂ ಕೈ ಮುಂದಕ್ಕೆ ಬಳಸಿದಳು. ಬಲ ಶ್ವಾಸಕೋಶ, ಎಡ ಶ್ವಾಸಕೋಶ, ನಡುವೆ ಎಡಕ್ಕೆ ವಾಲಿದ ಹೃದಯ, ಬಲಗಡೆ ಯಕೃತ್ತು, ಎಡಗಡೆ ಜಠರ, ಕೆಳಗೆ ಕರುಳು. ಒಂದೊಂದೂ ಟಕ್ಕೆಂದು ಕೂತಿತು. ಮುಚ್ಚಳವೂ ಮುಚ್ಚಿತು. ಬಾಯಿ ತಡೆಯದೆ, "ಆಯ್ತಣ್ಣ, ಎದ್ದೇಳಿ," ಎಂದಳು.

ಪರೀಕ್ಷಕರಿಗೆ ಸಮಾಧಾನವಿಲ್ಲ. "ಪ್ಲಾಸ್ಟಿಕ್ಕಿನಲ್ಲಿ ಸರಿ. ನಾಳೆ ನಿಜವಾದ ರೋಗಿ ಬರ್ತಾರೆ. ನನ್ನಲ್ಲೇ ತೋರಿಸಿ, ಅಪೆಂಡಿಕ್ಸ್ ಎಲ್ಲಿ?"

ಅಕ್ಕ ಈಗ ಅವರ ಎದುರಿಗೆ ನಿಂತಿದ್ದಳು. ಮತ್ತೆ ಅದೇ ಎಡಬಲದ ಗೋಳು. ಅಷ್ಟರಲ್ಲಿ ಕಣ್ಣು ಕುರ್ಚಿಯ ಮೇಲೆ ಬಿತ್ತು. ಪಾರ್ಲರಿನಲ್ಲಿದ್ದಂಥದ್ದೇ ತಿರುಗುವ ಕುರ್ಚಿ! ಅಕ್ಕನ ಕಾಲು ತಾನಾಗಿಯೇ ಅದರ ಬುಡಕ್ಕೆ ತಾಗಿತು, ಕೈ ಬೆನ್ನೊರಗನ್ನು ಹಿಡಿದು ಸರ್‍ರನೆ ತಿರುಗಿಸಿತು. ಪರೀಕ್ಷಕರು ಗೋಡೆಗೆ ಮುಖ, ಆಕೆಗೆ ಬೆನ್ನು. ಹೆಗಲ ಮೇಲೆ ಆ ಬೆರಳುಗಳು ಕೂತದ್ದೇ ತಡ, ಅವರ ಕಣ್ಣು ಮುಚ್ಚಿಕೊಂಡವು.

"ಇಲ್ಲಿ ಸರ್. ಬಲಗಡೆ, ಹೊಕ್ಕುಳಿನಿಂದ ಕೆಳಗೆ."

ಪರೀಕ್ಷಕರ ತಲೆ ಮೆಲ್ಲಗೆ ಮುಂದಕ್ಕೆ ವಾಲಿತು. ಅಕ್ಕ ಗಾಬರಿಯಿಂದ ಬಗ್ಗಿ ನೋಡಿದಳು. ಹಾಗೆ ಬಗ್ಗಿದಾಗ ಕಂಡದ್ದು, ಬಲಗಿವಿಯ ಮೇಲಿನಿಂದ ಎಡಗಿವಿಯವರೆಗೆ ಬಹಳ ಮುತುವರ್ಜಿಯಿಂದ ಹೊದಿಸಿದ ಹನ್ನೆರಡು ಹದಿಮೂರು ಎಳೆ ಕೂದಲು.

"ಸರ್?"

"ಹಾಂ... ಪಾಸು," ಎಂದರು ಅವರು ಕಣ್ಣು ತೆರೆಯದೆ. ಆಮೇಲೆ ಟೀಚರಮ್ಮನಿಗೆ ಕೇಳಿಸದಂತೆ ದನಿ ತಗ್ಗಿಸಿ, "ಅಲ್ಲಮ್ಮ, ಈ ನಡುನೆತ್ತಿಗೆ ಏನಾದ್ರೂ ಮಾಡೋಕಾಗುತ್ತಾ?"

ಅಕ್ಕ ತನ್ನ ಬಿರುಕುಬಿಟ್ಟ ಬೆರಳುಗಳನ್ನು ನೋಡಿಕೊಂಡಳು. ಕುರ್ಚಿಯನ್ನು ಮೆಲ್ಲಗೆ ಮೇಜಿನ ಕಡೆಗೆ ತಿರುಗಿಸಿದಳು.

"ಕ್ಷಮಿಸಿ ಸರ್," ಎಂದಳು. "ಆ ಕೆಲಸ ಈಗ ತಾನೇ ಬಿಟ್ಟೆ."